ಸಿಮ್ಯುಲೇಶನ್ ಪಾಸು, ಪಂಪ್‌ಶೆಡ್ಡಿನಲ್ಲಿ ಫೇಲು: ಫೇಸ್ ಕಾಯುವ ಕಂಟ್ರೋಲರಿನ ದೋಷ ಹುಡುಕುವ ಕ್ರಮ

ಮೂರು ಫೇಸಿನಲ್ಲಿ ಒಂದು ಹೋದರೆ ಪಂಪಿನ ಮೋಟರನ್ನು ನಿಲ್ಲಿಸಬೇಕಾದ ಕಂಟ್ರೋಲರನ್ನು ಮೊದಲು ಕಂಪ್ಯೂಟರಿನಲ್ಲಿ ಓಡಿಸಿ ನೋಡುವವರ ದೂರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಬರುತ್ತದೆ. ಒಂದು, ಸಿಮ್ಯುಲೇಶನ್ ಓಡುವುದೇ ಇಲ್ಲ. ಸರ್ಕ್ಯೂಟ್ ಸಿಮ್ಯುಲೇಟರ್ ಆದ ಎನ್‌ಜಿಸ್ಪೈಸ್ ಎರಡು ಸಾಲು ಬೈದು ನಿಂತುಬಿಡುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು. ಕಂಪ್ಯೂಟರಿನಲ್ಲಿ ಒಂದು ಫೇಸ್ ತೆಗೆದ ಕೂಡಲೇ ರಿಲೇ ಬಿಡುತ್ತದೆ, ಆದರೆ ತೀರ್ಥಹಳ್ಳಿ, ಹೊಸನಗರದ ಕಡೆಯ ಯಾವುದೋ ಅಡಿಕೆ ತೋಟದ ಪಂಪ್‌ಶೆಡ್ಡಿನಲ್ಲಿ ಕೂರಿಸಿದರೆ ಮೋಟರು ಎರಡೇ ಫೇಸಿನಲ್ಲಿ ಗುಂಯ್‌ಗುಡುತ್ತಿದ್ದರೂ ಅದೇ ಕಂಟ್ರೋಲರ್ ಸುಮ್ಮನೆ ಕೂತಿರುತ್ತದೆ. ವೈಂಡಿಂಗ್ ಸುಟ್ಟ ಮೇಲೆ ಸಿಮ್ಯುಲೇಶನ್ನಿನ ಗ್ರಾಫ್ ತೋರಿಸಿ ಪ್ರಯೋಜನವಿಲ್ಲ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡ ಸರ್ಕ್ಯೂಟು ಹೀಗಿದೆ. ಪ್ರತಿ ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230ಕ್ಕೆ 9 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್. ಸೆಕೆಂಡರಿಯ ಒಂದು ತುದಿ 2.5 ವೋಲ್ಟಿನ ಬಯಾಸ್ ನೋಡ್‌ಗೆ (5 ವೋಲ್ಟಿನಿಂದ ಎರಡು 10 ಕಿಲೊಓಮ್, ಜೊತೆಗೆ 10 ಮೈಕ್ರೊಫ್ಯಾರಡ್), ಇನ್ನೊಂದು ತುದಿ 68 ಕಿಲೊಓಮ್ ಮೂಲಕ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಪಿನ್ನಿಗೆ, ಆ ಪಿನ್ನಿನಿಂದ ಬಯಾಸ್‌ಗೆ 10 ಕಿಲೊಓಮ್. 16 ಮೆಗಾಹರ್ಟ್ಸ್‌ನ ಎಟಿಮೆಗಾ328ಪಿ ಮೈಕ್ರೊಕಂಟ್ರೋಲರ್. ಔಟ್‌ಪುಟ್ಟಿನಲ್ಲಿ ಬಿಸಿ547 ಟ್ರಾನ್ಸಿಸ್ಟರ್, 12 ವೋಲ್ಟಿನ 400 ಓಮ್ ಕಾಯಿಲ್‌ನ ರಿಲೇ, ಅಡ್ಡ 1ಎನ್4007 ಡಯೋಡ್. ಚಿತ್ರ ಬರೆಯಲು ಕಿಕ್ಯಾಡ್, ಅನಲಾಗ್ ಭಾಗಕ್ಕೆ ಎನ್‌ಜಿಸ್ಪೈಸ್, ಫರ್ಮ್‌ವೇರ್ ಓಡಿಸಲು ಸಿಮ್‌ಎವಿಆರ್, ಅಲೆ ನೋಡಲು ಜಿಟಿಕೆವೇವ್. ನಾಲ್ಕೂ ಮುಕ್ತ ತಂತ್ರಾಂಶ. ಉಬುಂಟು, ಡೆಬಿಯನ್‌ಗಳ ಭಂಡಾರದಲ್ಲೇ ಸಿಗುತ್ತವೆ. ಎಟಿಮೆಗಾ ಬದಲು ಆರ್ಮ್ ಚಿಪ್ಪು ಹಾಕಿದವರು ಸಿಮ್‌ಎವಿಆರ್ ಜಾಗದಲ್ಲಿ ರೆನೋಡ್ ಬಳಸಬೇಕು, ಉಳಿದದ್ದೆಲ್ಲ ಹಾಗೆಯೇ.

ಮೊದಲು ಸರ್ಕ್ಯೂಟನ್ನು ಎರಡಾಗಿ ಕತ್ತರಿಸಿ

ಅನಲಾಗ್, ಡಿಜಿಟಲ್ ಎರಡೂ ಸೇರಿದ ಮಿಶ್ರ ಸಿಗ್ನಲ್ ಮಾದರಿಯಲ್ಲಿ ದೋಷ ಹೆಚ್ಚಾಗಿ ಅನಲಾಗ್ ಭಾಗದಲ್ಲೂ ಇರುವುದಿಲ್ಲ, ಡಿಜಿಟಲ್ ಭಾಗದಲ್ಲೂ ಇರುವುದಿಲ್ಲ. ತೋಟದ ತಕರಾರು ಅಗಳಿನ ಹತ್ತಿರವೇ ಹುಟ್ಟುವಂತೆ ಇದೂ ಎರಡು ಭಾಗ ಸೇರುವ ಕಡೆ ಹುಟ್ಟುತ್ತದೆ. ಹಾಗಾಗಿ ಇಡೀ ಸರ್ಕ್ಯೂಟನ್ನು ಮುಂದಿಟ್ಟುಕೊಂಡು ಆಪ್ಷನ್ ಮೇಲೆ ಆಪ್ಷನ್ ತಿರುಗಿಸಬೇಡಿ. ಎಡಿಸಿ ಪಿನ್ನಿನಲ್ಲಿ ಕತ್ತರಿಸಿ, ಟ್ರಾನ್ಸ್‌ಫಾರ್ಮರ್ ಮತ್ತು ಡಿವೈಡರ್ ಮಾತ್ರ ಓಡಿಸಿ. ರಿಲೇ ಕಡೆ ಪಿನ್ನಿನ ಬದಲು ಒಂದು ಪಲ್ಸ್ ಸೋರ್ಸ್ ಇಟ್ಟು ಬೇರೆ ಓಡಿಸಿ. ಫರ್ಮ್‌ವೇರಿಗೆ ಕೈಯಲ್ಲಿ ಬರೆದ ಸೈನ್ ಅಂಕಿಗಳನ್ನು ಕೊಟ್ಟು ಮೂರನೆಯ ಸಲ ಓಡಿಸಿ. ಮೂರೂ ಸರಿ ಇದ್ದು ಸೇರಿಸಿದಾಗ ಕೆಟ್ಟರೆ ನೇರವಾಗಿ ಗಡಿಯ ಭಾಗಕ್ಕೆ ಹೋಗಿ.

ಓಡುವುದೇ ಇಲ್ಲ ಎಂದರೆ

'ಸಿಂಗ್ಯುಲರ್ ಮ್ಯಾಟ್ರಿಕ್ಸ್' ಎಂದು ಬಂದು ಎರಡು ನೋಡ್‌ಗಳ ಹೆಸರು ಕೊಟ್ಟರೆ, ಈ ಸರ್ಕ್ಯೂಟಿನಲ್ಲಿ ಮೊದಲ ಶಂಕೆ ಟ್ರಾನ್ಸ್‌ಫಾರ್ಮರ್ ಮೇಲೆ. ಸ್ಪೈಸ್ ಮೊದಲು ಡಿಸಿ ಬಿಂದು ಲೆಕ್ಕ ಹಾಕುತ್ತದೆ. ಡಿಸಿಯಲ್ಲಿ ಇಂಡಕ್ಟರ್ ಎಂದರೆ ಬರೀ ತಂತಿ. ವೋಲ್ಟೇಜ್ ಸೋರ್ಸನ್ನು ನೇರವಾಗಿ ಪ್ರೈಮರಿ ಇಂಡಕ್ಟರಿಗೆ ಜೋಡಿಸಿದರೆ ಸೋರ್ಸ್ ಶಾರ್ಟ್ ಆದ ಹಾಗೆ, ಲೆಕ್ಕಕ್ಕೆ ಉತ್ತರವೇ ಇರುವುದಿಲ್ಲ. ಪ್ರೈಮರಿಯ ಜೊತೆ ಸರಣಿಯಲ್ಲಿ ವೈಂಡಿಂಗ್ ರೆಸಿಸ್ಟೆನ್ಸ್ ಹಾಕಿ. ಸಣ್ಣ ಟ್ರಾನ್ಸ್‌ಫಾರ್ಮರಿಗೆ ಅದು ನೂರಾರು ಓಮ್ ಇರುತ್ತದೆ, ಮಲ್ಟಿಮೀಟರಿನಲ್ಲೇ ಅಳೆಯಬಹುದು. ಇಲ್ಲಿ 500 ಓಮ್ ಎಂದಿಟ್ಟುಕೊಳ್ಳೋಣ. ಕಪ್ಲಿಂಗ್ ಗುಣಾಂಕ 1 ಕೊಡಬೇಡಿ, 0.999 ಸಾಕು. ಇನ್ನೊಂದು ಕಾರಣ ತೇಲುವ ನೋಡ್: ಗ್ರೌಂಡಿಗೆ ಡಿಸಿ ದಾರಿಯೇ ಇಲ್ಲದ ಸೆಕೆಂಡರಿ, ಎರಡು ಕೆಪಾಸಿಟರ್‌ಗಳ ನಡುವೆ ಸಿಕ್ಕಿಕೊಂಡ ನೋಡ್. ಆಪ್ಷನ್ಸ್ ಸಾಲಿನಲ್ಲಿ ಆರ್‌ಶಂಟ್‌ಗೆ 1 ಟೆರಾಓಮ್ ಕೊಟ್ಟರೆ ಎಲ್ಲ ಅನಲಾಗ್ ನೋಡ್‌ಗಳಿಂದಲೂ ಗ್ರೌಂಡಿಗೆ ಅಷ್ಟು ದೊಡ್ಡ ರೆಸಿಸ್ಟರ್ ಬೀಳುತ್ತದೆ. ಅದನ್ನು ಹಾಕಿದ ಮೇಲೆ ಓಡಿದರೆ ತೇಲುವ ನೋಡ್ ಇದೆ ಎಂದು ಖಾತ್ರಿ. ಆಮೇಲೆ ಅದು ಎಲ್ಲಿದೆ ಎಂದು ಹುಡುಕಿ ಸರಿಮಾಡಿ, ಆರ್‌ಶಂಟ್ ಅನ್ನು ತೆಗೆಯಿರಿ.

ಇಂಡಕ್ಟೆನ್ಸ್ ಅಂದಾಜು: ಟ್ರಾನ್ಸ್‌ಫಾರ್ಮರ್ ಮೇಲೆ ಬರೆದ 9 ವೋಲ್ಟ್ ಪೂರ್ಣ ಲೋಡಿನದ್ದು. ನಮ್ಮ ಡಿವೈಡರಿನಂಥ ಹಗುರ ಲೋಡಿಗೆ ಸುಮಾರು 10.8 ಬರುತ್ತದೆ ಎಂದುಕೊಳ್ಳಿ. ಅಳೆದು ಹಾಕಿದರೆ ಇನ್ನೂ ಒಳ್ಳೆಯದು. ಪ್ರೈಮರಿ 60 ಹೆನ್ರಿ ಎಂದರೆ ಸೆಕೆಂಡರಿ, ಅನುಪಾತದ ವರ್ಗದಿಂದ ಭಾಗಿಸಿ, 0.13 ಹೆನ್ರಿ. ಎರಡೂ ಇಂಡಕ್ಟರ್ ಸಾಲುಗಳಲ್ಲಿ ಮೊದಲು ಬರೆದ ನೋಡ್ ಚುಕ್ಕೆಯ ತುದಿ. ಒಂದರಲ್ಲಿ ತಿರುವುಮುರುವಾದರೆ ಆ ಫೇಸ್ 180 ಡಿಗ್ರಿ ತಿರುಗುತ್ತದೆ. ಎರರ್ ಏನೂ ಬರುವುದಿಲ್ಲ, ಫೇಸ್ ಕೋನ ನೋಡುವ ಕೋಡು ಮಾತ್ರ ಹುಚ್ಚುಹುಚ್ಚಾಗಿ ಆಡುತ್ತದೆ.

'ಟೈಮ್‌ಸ್ಟೆಪ್ ಟೂ ಸ್ಮಾಲ್' ಬಂದರೆ ರಿಲೇ ಕಡೆ ನೋಡಿ. ಟ್ರಾನ್ಸಿಸ್ಟರ್ ಆಫ್ ಆದ ಕ್ಷಣದಲ್ಲಿ ಕಾಯಿಲ್‌ನ 30 ಮಿಲಿಆಂಪ್ ಎಲ್ಲಿಗೆ ಹೋಗಬೇಕು? ಡಯೋಡ್ ಇಲ್ಲದಿದ್ದರೆ ನಿಜವಾದ ಬಿಸಿ547 ಬ್ರೇಕ್‌ಡೌನ್ ಆಗಿ ಸಾಯುತ್ತದೆ. ಸ್ಪೈಸ್‌ನ ಸಾಮಾನ್ಯ ಟ್ರಾನ್ಸಿಸ್ಟರ್ ಮಾದರಿಗೆ ಬ್ರೇಕ್‌ಡೌನ್ ಎಂಬುದೇ ಗೊತ್ತಿಲ್ಲ. ಅದು ವೋಲ್ಟೇಜನ್ನು ಸಾವಿರಾರಕ್ಕೆ ಏರಿಸುತ್ತ, ಹೆಜ್ಜೆಯನ್ನು ಕಿರಿದುಮಾಡುತ್ತ ಹೋಗಿ ಕೈಚೆಲ್ಲುತ್ತದೆ. ಡಯೋಡ್ ಇದ್ದೂ ಹೀಗಾದರೆ ಅದರ ಮಾದರಿ ತೀರಾ ಆದರ್ಶವಾಗಿರುತ್ತದೆ. ಸರಣಿ ರೆಸಿಸ್ಟೆನ್ಸ್ ಮತ್ತು ಜಂಕ್ಷನ್ ಕೆಪಾಸಿಟೆನ್ಸ್ ತುಂಬಿ. ಕಾಯಿಲ್ ವೋಲ್ಟೇಜು ಪ್ರತಿ ಹೆಜ್ಜೆಗೂ ಮೇಲೆ ಕೆಳಗೆ ಹಲ್ಲುಹಲ್ಲಾಗಿ ಕಂಡರೆ ಅದು ಸರ್ಕ್ಯೂಟಿನದ್ದಲ್ಲ, ಟ್ರಪಿಜಾಯ್ಡಲ್ ವಿಧಾನದ ಗುಣ. ಮೆಥಡ್ ಅನ್ನು ಗಿಯರ್‌ಗೆ ಬದಲಿಸಿದರೆ ಹೋಗುತ್ತದೆ.

ಇಲ್ಲಿ ಬಹಳ ಜನ ಮಾಡುವುದು ರೆಲ್‌ಟಾಲ್ (ಲೆಕ್ಕದಲ್ಲಿ ಒಪ್ಪುವ ತಪ್ಪಿನ ಮಿತಿ) ಸಡಿಲಿಸುವುದು. ಮೊದಲಿನಿಂದ ಇರುವ 0.001ನ್ನು 0.01 ಮಾಡಿದರೆ ಓಡಬಹುದು. ಆದರೆ ಅದು ರೋಗವನ್ನಲ್ಲ, ಥರ್ಮಾಮೀಟರನ್ನು ಬದಲಾಯಿಸಿದ ಹಾಗೆ. ಸರ್ಕ್ಯೂಟಿನ ದೋಷ ಹುಡುಕಿ ಮುಗಿಯುವವರೆಗೆ ಅದನ್ನು ಮುಟ್ಟಬಾರದು.

ನೆಟ್‌ಲಿಸ್ಟಿನ (ಸರ್ಕ್ಯೂಟನ್ನು ಸಾಲುಸಾಲಾಗಿ ಬರೆದ ಫೈಲು) ಗುಂಡಿಗಳನ್ನು ಬೇಗ ಹೇಳಿಬಿಡಬಹುದು. ಫೈಲಿನ ಮೊದಲ ಸಾಲು ಯಾವಾಗಲೂ ಶೀರ್ಷಿಕೆ. ಅಲ್ಲಿ ಬರೆದ ರೆಸಿಸ್ಟರ್ ಸರ್ಕ್ಯೂಟಿನಲ್ಲಿ ಇಲ್ಲ. ಸ್ಪೈಸ್‌ಗೆ ದೊಡ್ಡ ಎಂ, ಸಣ್ಣ ಎಂ ಎರಡೂ ಒಂದೇ, ಎರಡೂ ಮಿಲಿ. ಮೆಗಾ ಬೇಕಿದ್ದರೆ 'ಮೆಗ್' ಎಂದೇ ಬರೆಯಬೇಕು. ಕೆಪಾಸಿಟರಿಗೆ 1ರ ಪಕ್ಕ ಎಫ್ ಬರೆದರೆ ಅದು ಒಂದು ಫ್ಯಾರಡ್ ಅಲ್ಲ, ಒಂದು ಫೆಮ್ಟೊಫ್ಯಾರಡ್. ಸೈನ್ ಸೋರ್ಸಿಗೆ ಕೊಡುವುದು ಪೀಕ್: 230 ಅಲ್ಲ, 325. ಮೂರು ಫೇಸಿಗೆ ಕೋನ ಬರುವುದು ಆರನೆಯ ಜಾಗದಲ್ಲಿ, ಡಿಗ್ರಿಯಲ್ಲಿ. ಅದನ್ನು ನಾಲ್ಕನೆಯ ಜಾಗದಲ್ಲಿ ಬರೆದರೆ ವಿಳಂಬವಾಗುತ್ತದೆ, ಅದೂ ಸೆಕೆಂಡಿನಲ್ಲಿ. ಕಿಕ್ಯಾಡ್‌ನಲ್ಲಿ ಡಯೋಡ್ ಚಿಹ್ನೆಯ 1ನೇ ಪಿನ್ ಕ್ಯಾಥೋಡು. ಸ್ಪೈಸ್‌ಗೆ ಮೊದಲು ಬೇಕಾದ್ದು ಆನೋಡು. ಪಿನ್ ಹೊಂದಿಕೆ ತಪ್ಪಿದರೆ 12 ವೋಲ್ಟ್ ಡಯೋಡಿನ ಮೂಲಕವೇ ಹರಿದು ಸಪ್ಲೈ ಕರೆಂಟು ಅಸಾಧ್ಯದ ಅಂಕಿ ತೋರಿಸುತ್ತದೆ. ಚಿತ್ರ ನಂಬಬೇಡಿ, ಕಿಕ್ಯಾಡ್ ಹೊರಹಾಕಿದ ನೆಟ್‌ಲಿಸ್ಟನ್ನು ತೆರೆದು ಕಣ್ಣಾರೆ ಓದಿ. ಕಂಪನಿಯವರು ಪಿಸ್ಪೈಸ್ ಶೈಲಿಯಲ್ಲಿ ಕೊಟ್ಟ ಮಾದರಿ ಫೈಲು ಓದಲು ಒಲ್ಲೆ ಎಂದರೆ, ಸ್ಪೈಸ್‌ಇನಿಟ್ ಫೈಲಿನಲ್ಲಿ ಎನ್‌ಜಿಬಿಹೇವಿಯರ್ ಅನ್ನು ಪಿಎಸ್‌ಎ ಎಂದು ಹೊಂದಿಸಿ.

ಓಡುತ್ತದೆ, ಆದರೆ ಸುಳ್ಳು ಹೇಳುತ್ತದೆ

ಬರೀ ರೆಸಿಸ್ಟರುಗಳ ಡಿವೈಡರನ್ನು 1 ಮಿಲಿಸೆಕೆಂಡ್ ಹೆಜ್ಜೆಯಲ್ಲಿ ಓಡಿಸಿದರೆ ಸೈನ್ ಅಲೆ ಮೂಲೆಮೂಲೆಯಾಗಿ ಕಾಣುತ್ತದೆ. ಹೆಜ್ಜೆಯನ್ನು ತಾನೇ ಕಿರಿದು ಮಾಡಿಕೊಳ್ಳಲು ಎನ್‌ಜಿಸ್ಪೈಸ್ ನೋಡುವುದು ಕೆಪಾಸಿಟರ್, ಇಂಡಕ್ಟರ್‌ಗಳ ತಪ್ಪನ್ನು. ಅವು ಇಲ್ಲದ ಕಡೆ ತಡೆಯುವವರಿಲ್ಲ. 50 ಹರ್ಟ್ಸ್‌ಗೆ 1 ಮಿಲಿಸೆಕೆಂಡ್ ಎಂದರೆ 18 ಡಿಗ್ರಿ; ಪೀಕ್ ಶೇಕಡ 1ಕ್ಕೂ ಹೆಚ್ಚು ಕಡಿಮೆ ಸಿಗಬಹುದು. ಟ್ರಾನ್ ಸಾಲಿನ ನಾಲ್ಕನೆಯ ಅಂಕಿ, ಗರಿಷ್ಠ ಹೆಜ್ಜೆ, ಯಾವಾಗಲೂ ನೀವೇ ಬರೆಯಿರಿ.

ಎರಡನೆಯದು ಆರಂಭದ ಅಲುಗಾಟ. ಪ್ರೈಮರಿಯ 60 ಹೆನ್ರಿಗೆ 500 ಓಮ್ ಎಂದರೆ ಕಾಲಸ್ಥಿರಾಂಕ 0.12 ಸೆಕೆಂಡ್. ಸೈನ್ ಸೊನ್ನೆಯಿಂದ ಶುರುವಾದಾಗ ಸೇರಿಕೊಂಡ ಡಿಸಿ ಕರೆಂಟು ಇಳಿಯಲು ಅದರ ಮೂರು ಪಟ್ಟಾದರೂ ಬೇಕು. ಮೊದಲ ಐದು ಸೈಕಲ್ ನೋಡಿ ಬಯಾಸ್ ತಪ್ಪಿದೆ ಎಂದು ರೆಸಿಸ್ಟರ್ ಬದಲಿಸಲು ಹೊರಡಬೇಡಿ, 0.4 ಸೆಕೆಂಡ್ ದಾಟಿದ ಮೇಲಿನದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮೂರನೆಯದು, ಎನ್‌ಜಿಸ್ಪೈಸ್‌ನ ಉತ್ತರದ ಸಮಯಗಳು ಸಮ ಅಂತರದಲ್ಲಿ ಇರುವುದಿಲ್ಲ. ಆ ಸಾಲುಗಳನ್ನು ಹಾಗೆಯೇ ಫೈಲಿಗೆ ಬರೆದು ಫರ್ಮ್‌ವೇರಿಗೆ ಉಣ್ಣಿಸಿದರೆ 50 ಹರ್ಟ್ಸ್ ಇದ್ದದ್ದು ಅಲ್ಲಲ್ಲಿ ಹಿಗ್ಗಿ ಅಲ್ಲಲ್ಲಿ ಕುಗ್ಗುತ್ತದೆ. ಮೊದಲು ಲೀನಿಯರೈಸ್ ಆಜ್ಞೆ, ಆಮೇಲೆ ಬರೆಯುವುದು. ಎಫ್‌ಎಫ್‌ಟಿಗೂ ಇದೇ ಕ್ರಮ.

ಗಡಿಯಲ್ಲಿ

ನೀರಿನ ಮಟ್ಟದ ಪ್ರೋಬಿನಂಥ ಹೌದು–ಅಲ್ಲ ಇನ್‌ಪುಟ್ಟುಗಳು ಎಕ್ಸ್‌ಸ್ಪೈಸ್‌ನ (ಎನ್‌ಜಿಸ್ಪೈಸ್‌ನಲ್ಲಿ ಡಿಜಿಟಲ್ ಭಾಗಗಳನ್ನು ಓಡಿಸುವ ಸೇರ್ಪಡೆ) ಎಡಿಸಿ ಬ್ರಿಡ್ಜ್ ಮೂಲಕ ಡಿಜಿಟಲ್ ಕಡೆ ದಾಟುತ್ತವೆ. ಇನ್‌ಲೋ, ಇನ್‌ಹೈ ಎರಡನ್ನೂ ಕೊಡಬೇಕು. 5 ವೋಲ್ಟಿನ ಎಟಿಮೆಗಾಕ್ಕೆ ಡೇಟಾಶೀಟ್ ಖಾತ್ರಿ ಕೊಡುವ ಗೆರೆಗಳು 1.5 ಮತ್ತು 3. ಆ ಎರಡರ ನಡುವೆ ಬ್ರಿಡ್ಜ್ 'ಗೊತ್ತಿಲ್ಲ' ಎಂಬ ಮೂರನೆಯ ಸ್ಥಿತಿ ಕೊಡುತ್ತದೆ. ಬಾವಿಯ ನೀರಿನಲ್ಲಿ ಮುಳುಗಿದ ಪ್ರೋಬಿನ ವೋಲ್ಟೇಜು ನಿಧಾನವಾಗಿ ಏರುವಂಥದ್ದು, 2 ವೋಲ್ಟಿನಲ್ಲೇ ಗಂಟೆಗಟ್ಟಲೆ ಕೂರಲೂಬಹುದು. ಆ ಅಜ್ಞಾತ ಸ್ಥಿತಿ ಗೇಟಿನಿಂದ ಗೇಟಿಗೆ ಹರಡಿ ಕೊನೆಗೆ ರಿಲೇ ಪಿನ್ನೂ ಅಜ್ಞಾತವಾಗುತ್ತದೆ. ನಿಜವಾದ ಪಿನ್ನಿನಲ್ಲಿ ಸ್ಮಿಟ್ ಟ್ರಿಗರ್ ಇದೆ, ಅದು ಸೊನ್ನೆ ಅಥವಾ ಒಂದು ಎಂದು ಹೇಳಿಯೇ ಹೇಳುತ್ತದೆ. ಬ್ರಿಡ್ಜಿನ ಮುಂದೆ ಅದೇ ಕೆಲಸ ಮಾಡುವ ಹಿಸ್ಟ್ ಮಾದರಿಯನ್ನು ಇಟ್ಟರೆ ಸಿಮ್ಯುಲೇಶನ್ ಬೋರ್ಡಿನಂತೆ ನಡೆದುಕೊಳ್ಳುತ್ತದೆ. ಹಾಗೆಂದು ಅಜ್ಞಾತವನ್ನು ಪೂರ್ತಿ ಮರೆಮಾಡಿ ಕೂರಬೇಡಿ: ಅದು ಬಂತು ಎಂದರೆ ಪ್ರೋಬಿನ ಪುಲ್‌ಅಪ್ ಆ ನೀರಿಗೆ ಹೊಂದಿಲ್ಲ ಎಂಬ ನಿಜವಾದ ಸುದ್ದಿಯೂ ಹೌದು.

ಆಚೆ ದಿಕ್ಕಿನ ಡಿಎಸಿ ಬ್ರಿಡ್ಜಿಗೆ ಔಟ್‌ಲೋ, ಔಟ್‌ಹೈ, ಔಟ್‌ಅನ್‌ಡೆಫ್, ಏರುವ ಇಳಿಯುವ ಸಮಯ ಎಲ್ಲವನ್ನೂ ಬರೆಯಿರಿ. ಏನೂ ಬರೆಯದಿದ್ದರೆ ಔಟ್‌ಹೈ 5 ವೋಲ್ಟ್ ಇರುವುದಿಲ್ಲ, ಬಿಸಿ547 ಅರ್ಧಂಬರ್ಧ ಆನ್ ಆಗುತ್ತದೆ. ಏರಿಳಿಕೆಗೆ ನ್ಯಾನೊಸೆಕೆಂಡ್ ಬೇಡ. ರಿಲೇಗೆ 1 ಮೈಕ್ರೊಸೆಕೆಂಡ್ ಧಾರಾಳ, ಸಿಮ್ಯುಲೇಶನ್ನೂ ಬೇಗ ಮುಗಿಯುತ್ತದೆ. ಬ್ರಿಡ್ಜ್ ಆದರ್ಶ ಸೋರ್ಸ್ ಆದ್ದರಿಂದ ಮುಂದೆ 30 ಓಮ್ ಸರಣಿಯಲ್ಲಿಟ್ಟರೆ ಪಿನ್ನಿಗೆ ಹತ್ತಿರವಾಗುತ್ತದೆ. ಎಕ್ಸ್‌ಸ್ಪೈಸ್ ಭಾಗಗಳು ಸೇರಿದ ಕೂಡಲೇ ಓಟ ನಿಧಾನವಾಯಿತೆಂದು ಗಾಬರಿ ಬೇಡ: ಎನ್‌ಜಿಸ್ಪೈಸ್ ಆಗ ಟ್ರಟಾಲ್ ಅನ್ನು (ಹೆಜ್ಜೆಯ ತಪ್ಪಿಗೆ ಕೊಡುವ ವಿನಾಯಿತಿ) 7ರಿಂದ 1ಕ್ಕೆ ತಾನೇ ಇಳಿಸುತ್ತದೆ.

ಸಿಮ್‌ಎವಿಆರ್ ಕಡೆ ಒಂದೇ ಒಂದು ಗಡಿ ತಪ್ಪು ಪದೇ ಪದೇ ಸಿಗುತ್ತದೆ. ಅದರ ಎಡಿಸಿ ಇನ್‌ಪುಟ್ಟಿಗೆ ಕೊಡಬೇಕಾದ್ದು ಮಿಲಿವೋಲ್ಟ್, ಕೌಂಟ್ (ಎಡಿಸಿ ಕೊಡುವ ಅಂಕಿ) ಅಲ್ಲ. 2.5 ವೋಲ್ಟಿಗೆ 2500, 512 ಅಲ್ಲ. ಎವಿಸಿಸಿ (ಎಡಿಸಿಯ ಸಪ್ಲೈ ವೋಲ್ಟೇಜು) ಎಷ್ಟೆಂದು ಅದಕ್ಕೆ ಹೇಳದಿದ್ದರೆ 'ಮಿಸ್ಸಿಂಗ್ ಎವಿಸಿಸಿ' ಎಂಬ ಎಚ್ಚರಿಕೆ ಕೊಟ್ಟು 3300 ಮಿಲಿವೋಲ್ಟ್ ಎಂದು ತಾನೇ ಊಹಿಸಿಕೊಳ್ಳುತ್ತದೆ; 5 ವೋಲ್ಟಿನ ಬೋರ್ಡಿನ ಓದು ಒಂದೂವರೆ ಪಟ್ಟು ಹೆಚ್ಚಾಗುತ್ತದೆ. ಆ ಎಚ್ಚರಿಕೆ ನೂರು ಸಾಲಿನ ಮಧ್ಯೆ ಹಾದುಹೋಗುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಫೈಲು ಮೂಲಕ ಹೀಗೆ ದಾಟಿಸುವ ಕ್ರಮದಲ್ಲಿ ಕುಣಿಕೆ ಮುಚ್ಚುವುದಿಲ್ಲ ಎಂಬುದನ್ನೂ ನೆನಪಿಡಿ. ರಿಲೇ ಎಳೆದಾಗ 12 ವೋಲ್ಟ್ ಕುಸಿದು ಅದರಿಂದ 5 ವೋಲ್ಟ್ ಅಲುಗಿದರೆ ಎಡಿಸಿಗೆ ಆ ಸುದ್ದಿ ತಲುಪುವುದೇ ಇಲ್ಲ. ಅದು ಬೇಕಿದ್ದರೆ ಎನ್‌ಜಿಸ್ಪೈಸ್ ಅನ್ನು ಲೈಬ್ರರಿಯಾಗಿ ಬಳಸಿ, ಬಾಹ್ಯ ಸೋರ್ಸ್‌ನ ಕಾಲ್‌ಬ್ಯಾಕ್‌ಗಳಿಂದ ಸಿಮ್‌ಎವಿಆರ್‌ಗೆ ಕಟ್ಟಬೇಕು. ಇಲ್ಲವೇ ಇಡೀ ವ್ಯವಸ್ಥೆಯನ್ನು ಮಿಶ್ರ ಸಿಗ್ನಲ್ ಮಾದರಿ ಬರೆಯುವ ಭಾಷೆಯಾದ ಸಿಸ್ಟಮ್‌ಸಿ ಎಎಂಎಸ್‌ನಲ್ಲಿ ಬರೆಯಬೇಕು. ಇದು 2016ರಲ್ಲಿ ಐಇಇಇ 1666.1 ಎಂದು ಮಾನಕವಾಯಿತು. ಅಲ್ಲಿ ಟಿಡಿಎಫ್ (ನಿಗದಿತ ಹೆಜ್ಜೆಯಲ್ಲಿ ಸ್ಯಾಂಪಲ್ ದಾಟಿಸುವ) ಭಾಗಗಳು ಸುತ್ತಿ ಸುತ್ತಿ ಒಂದಕ್ಕೊಂದು ಕಾಯುವಂತಾದರೆ ವೇಳಾಪಟ್ಟಿ ಕಟ್ಟಲಾಗದೆ ನಿಲ್ಲುತ್ತದೆ; ಕುಣಿಕೆಯ ಒಂದು ಪೋರ್ಟಿಗೆ ಒಂದು ಸ್ಯಾಂಪಲ್ ವಿಳಂಬ ಕೊಟ್ಟರೆ ಬಿಡಿಸಿಕೊಳ್ಳುತ್ತದೆ. ಆ ವಿಳಂಬವೂ ನಿಮ್ಮ ಮಾದರಿಯ ಭಾಗವಾಯಿತು ಎಂಬುದನ್ನು ಮರೆಯದಿದ್ದರೆ ಸಾಕು.

ಇಲ್ಲದ ಫೇಸು ಇದೆ ಎಂದು ಕಾಣುವುದು

ಈಗ ಮೊದಲಿನ ದೂರಿಗೆ ಬರೋಣ. ಸಿಮ್ಯುಲೇಶನ್ನಿನ ಎಡಿಸಿ ಆ ಕ್ಷಣದ ವೋಲ್ಟೇಜನ್ನು ಹಾಗೆಯೇ ಎತ್ತಿಕೊಳ್ಳುತ್ತದೆ. ಎಟಿಮೆಗಾ328ಪಿಯ ಎಡಿಸಿ ಹಾಗಲ್ಲ: ಒಳಗೆ 14 ಪಿಕೊಫ್ಯಾರಡ್‌ನ ಒಂದೇ ಕೆಪಾಸಿಟರ್, ಅದಕ್ಕೆ ಹೋಗುವ ದಾರಿಯಲ್ಲಿ 1ರಿಂದ 100 ಕಿಲೊಓಮ್ ತನಕ ಒಳ ರೆಸಿಸ್ಟೆನ್ಸ್, ಎಲ್ಲ ಚಾನೆಲ್ಲಿಗೂ ಅದೇ ಕೆಪಾಸಿಟರ್. ಪರಿವರ್ತನೆ ಶುರುವಾದ ಒಂದೂವರೆ ಎಡಿಸಿ ಗಡಿಯಾರದ ಹೊತ್ತಿಗೆ ಸ್ಯಾಂಪಲ್ ಹಿಡಿಯಲ್ಪಡುತ್ತದೆ. ಅಷ್ಟರಲ್ಲಿ ಅದು ಹಿಂದಿನ ಚಾನೆಲ್ಲಿನ ವೋಲ್ಟೇಜನ್ನು ಮರೆತಿರಬೇಕು.

ಡೇಟಾಶೀಟ್ ಸೋರ್ಸ್ ಇಂಪಿಡೆನ್ಸ್ 10 ಕಿಲೊಓಮ್ ಒಳಗಿರಲಿ ಎನ್ನುವುದು ಇದಕ್ಕೇ. 68 ಮತ್ತು 10 ಕಿಲೊಓಮ್‌ಗಳ ಡಿವೈಡರ್ 8.7 ಕಿಲೊಓಮ್ ಆಗಿ ಕಾಣುತ್ತದೆ. ಕೆಟ್ಟ ಸಂದರ್ಭ ಹಿಡಿದರೂ ಕಾಲಸ್ಥಿರಾಂಕ 1.5 ಮೈಕ್ರೊಸೆಕೆಂಡ್. ಪ್ರಿಸ್ಕೇಲರ್ (ಚಿಪ್ಪಿನ ಗಡಿಯಾರವನ್ನು ಭಾಗಿಸುವ ಅಂಕಿ) 128 ಇದ್ದರೆ ಎಡಿಸಿ ಗಡಿಯಾರ 125 ಕಿಲೊಹರ್ಟ್ಸ್, ಸಿಗುವ ಸಮಯ 12 ಮೈಕ್ರೊಸೆಕೆಂಡ್. ಉಳಿಯುವ ತಪ್ಪು ಅರ್ಧ ಕೌಂಟಿಗಿಂತ ಕಡಿಮೆ. ಈಗ ಯಾರೋ ರೆಸಿಸ್ಟರ್ ಬಿಸಿಯಾಗದಿರಲಿ ಎಂದು 680 ಮತ್ತು 100 ಕಿಲೊಓಮ್ ಹಾಕಿದರು, ಇನ್ಯಾರೋ ವೇಗ ಹೆಚ್ಚಲಿ ಎಂದು ಪ್ರಿಸ್ಕೇಲರ್ 16 ಮಾಡಿದರು ಎನ್ನಿ. ಕಾಲಸ್ಥಿರಾಂಕ 2.6 ಮೈಕ್ರೊಸೆಕೆಂಡಿಗೆ ಏರಿತು, ಸಮಯ 1.5ಕ್ಕೆ ಇಳಿಯಿತು. ಹಿಂದಿನ ಚಾನೆಲ್ಲಿನ ಅರ್ಧಕ್ಕೂ ಹೆಚ್ಚು ವೋಲ್ಟೇಜು ಕೆಪಾಸಿಟರಿನಲ್ಲೇ ಉಳಿಯುತ್ತದೆ. ಆರ್ ಆದ ಮೇಲೆ ವೈ ಓದುವ ಕ್ರಮವಿದ್ದರೆ, ವೈ ಫೇಸ್ ಪೂರ್ತಿ ಹೋಗಿದ್ದರೂ ಆರ್‌ನ ನೆರಳು ಅಲ್ಲಿ ಶೇಕಡ 56ರಷ್ಟು ಕಾಣುತ್ತದೆ. ಟ್ರಿಪ್ ಗೆರೆ ಶೇಕಡ 50ಕ್ಕೆ ಇಟ್ಟಿದ್ದರೆ ರಿಲೇ ಅಲುಗುವುದಿಲ್ಲ.

ಮಾದರಿಯಲ್ಲಿ ಇದನ್ನು ತೋರಿಸಲು ಎಡಿಸಿ ಪಿನ್ನಿನ ಹಿಂದೆ ಮೂರು ಸ್ವಿಚ್, ಒಂದೇ 14 ಪಿಕೊಫ್ಯಾರಡ್. ಸ್ವಿಚ್ಚಿನ ಆನ್ ರೆಸಿಸ್ಟೆನ್ಸ್ 100 ಕಿಲೊಓಮ್, ಆಫ್‌ಗೆ ಸಾವಿರ ಗಿಗಾಓಮ್. ಇದನ್ನು 1 ಗಿಗಾಓಮ್ ಮಾಡಿದರೆ ಹಿಡಿದ ವೋಲ್ಟೇಜು 14 ಮಿಲಿಸೆಕೆಂಡಿನ ಕಾಲಸ್ಥಿರಾಂಕದಲ್ಲಿ ಸೋರಿ ಲೆಕ್ಕ ಕೆಡಿಸುತ್ತದೆ. ಪ್ರತಿ ಸ್ವಿಚ್ಚಿಗೂ ತನ್ನ ಸರದಿಯಲ್ಲಿ ಒಂದೂವರೆ ಗಡಿಯಾರದ ಪಲ್ಸ್. ವೈ ಸೋರ್ಸನ್ನು ಸೊನ್ನೆ ಮಾಡಿ, ವೈ ಸರದಿ ಮುಗಿದಾಗ ಕೆಪಾಸಿಟರಿನಲ್ಲಿ ಏನಿದೆ ಎಂದು ನೋಡಿ. 2.5 ವೋಲ್ಟಿಗಿಂತ 5 ಮಿಲಿವೋಲ್ಟ್, ಅಂದರೆ ಒಂದು ಕೌಂಟ್, ಆಚೀಚೆ ಆದರೂ ಸರಿಪಡಿಸುವುದು ಒಳ್ಳೆಯದು.

ಪರಿಹಾರ ಅಗ್ಗ: ಪ್ರತಿ ಎಡಿಸಿ ಪಿನ್ನಿಗೂ 10 ನ್ಯಾನೊಫ್ಯಾರಡ್, ಪ್ರಿಸ್ಕೇಲರ್ 128. 14 ಪಿಕೊಫ್ಯಾರಡ್‌ಗೆ ಬೇಕಾದ ಚಾರ್ಜು ಪಕ್ಕದಲ್ಲೇ ಸಿಗುತ್ತದೆ. 8.7 ಕಿಲೊಓಮ್ ಜೊತೆ ಇದು 50 ಹರ್ಟ್ಸ್‌ನಲ್ಲಿ 1.6 ಡಿಗ್ರಿ ಹಿಂದೆ ತಳ್ಳುತ್ತದೆ, ಮೂರಕ್ಕೂ ಸಮನಾಗಿ, ಲೆಕ್ಕಕ್ಕೆ ತೊಂದರೆಯಿಲ್ಲ. ಸ್ಯಾಂಪಲ್‌ಗಳನ್ನು ಟೈಮರ್ 1ರಿಂದ 400 ಮೈಕ್ರೊಸೆಕೆಂಡಿಗೊಮ್ಮೆ ಎಬ್ಬಿಸಿ (ಟೈಮರ್ ಎಣಿಸುವ ಮಿತಿ, ಟಾಪ್ 6399), ಒಂದು ಸೈಕಲ್ಲಿಗೆ ಸರಿಯಾಗಿ 50 ಬರುತ್ತವೆ. ಚಾನೆಲ್‌ಗಳ ನಡುವೆ 104 ಮೈಕ್ರೊಸೆಕೆಂಡ್ ಅಂತರ ಉಳಿಯುತ್ತದೆ, ಅದು 1.9 ಡಿಗ್ರಿ, ಕೋನದ ಲೆಕ್ಕದಲ್ಲಿ ಕಳೆಯಬೇಕು.

ಮಳೆಗಾಲ ಮಾದರಿಯಲ್ಲಿ ಇಲ್ಲ

ಅಡಿಕೆ ತೋಟಕ್ಕೆ ನೀರು ಬೇಕಾಗುವುದು ಬೇಸಿಗೆಯಲ್ಲಿ. ಮುಂಗಾರು ಹಿಡಿದ ಮೇಲೆ ಕಂಟ್ರೋಲರ್ ತಿಂಗಳುಗಟ್ಟಲೆ ಪಂಪ್‌ಶೆಡ್ಡಿನ ಗೋಡೆಯಲ್ಲಿ ತೇವ ಕುಡಿಯುತ್ತ ಕೂರುತ್ತದೆ. ಬೂಸ್ಟು ಹಿಡಿದ ಬೋರ್ಡಿನ ಮೇಲೆ 5 ವೋಲ್ಟ್ ಟ್ರ್ಯಾಕಿನಿಂದ ಎಡಿಸಿ ಟ್ರ್ಯಾಕಿಗೆ ಸೋರಿಕೆ ದಾರಿ ಹುಟ್ಟುತ್ತದೆ. ಮಾದರಿಯಲ್ಲಿ ಇದು ಒಂದೇ ರೆಸಿಸ್ಟರ್. 100 ಮೆಗಾಓಮ್‌ನಿಂದ 1 ಮೆಗಾಓಮ್ ತನಕ ಇಳಿಸುತ್ತ ಓಡಿಸಿ. 1 ಮೆಗಾಓಮ್‌ನಲ್ಲಿ 8.7 ಕಿಲೊಓಮ್‌ನ ಡಿವೈಡರ್ 4 ಕೌಂಟು ಸರಿಯುತ್ತದೆ, 87 ಕಿಲೊಓಮ್‌ನದ್ದು 41 ಕೌಂಟು. ಕೋಡು ಕಣ್ಣುಮುಚ್ಚಿ 512 ಕಳೆಯುತ್ತಿದ್ದರೆ ಸತ್ತ ಫೇಸಿನಲ್ಲೂ 41 ಕೌಂಟಿನ ವೋಲ್ಟೇಜು ಕಾಣುತ್ತದೆ. ಪೂರ್ಣ ಫೇಸು 284 ಕೌಂಟು ಇರುವಾಗ ಇದು ಶೇಕಡ 14. ಸ್ಥಿರ 512ರ ಬದಲು ಆ 50 ಸ್ಯಾಂಪಲ್‌ಗಳ ಸರಾಸರಿಯನ್ನೇ ಕಳೆಯಿರಿ. ಪ್ರೈಮರಿ ಕಡೆಯ ಸೋರಿಕೆ ಅಳತೆಯ ಮಾತಲ್ಲ, ಜೀವದ ಮಾತು: ಬೋರ್ಡಿನಲ್ಲಿ ಸೀಳು, ಮೇಲೆ ಕನ್‌ಫಾರ್ಮಲ್ ಕೋಟಿಂಗ್.

ಓಡುವ ಮೋಟರು ತಾನೇ ಫೇಸ್ ಹುಟ್ಟಿಸುತ್ತದೆ

ಮೇಲಿನದ್ದೆಲ್ಲ ಸರಿಮಾಡಿದರೂ ಮೂಲ ದೂರು ಉಳಿಯಬಹುದು. ಆಗ ತಪ್ಪಿರುವುದು ಸೋರ್ಸಿನಲ್ಲಿ: ಹೋದ ಫೇಸನ್ನು 0 ವೋಲ್ಟ್ ಎಂದು ಬರೆದದ್ದು. ನಿಂತ ಮೋಟರಿಗೆ ಅದು ನಿಜ. ಓಡುತ್ತಿರುವ ಇಂಡಕ್ಷನ್ ಮೋಟರು ಉಳಿದೆರಡು ಫೇಸಿನ ಬಲದಿಂದ ತಿರುಗುತ್ತಲೇ ಇದ್ದು ಕಿತ್ತ ತಂತಿಯ ಮೇಲೆ ವೋಲ್ಟೇಜನ್ನು ತಾನೇ ಹುಟ್ಟಿಸುತ್ತದೆ. ಭಾರ ಕಡಿಮೆಯಿದ್ದಷ್ಟೂ ಅದು ಪೂರ್ಣ ವೋಲ್ಟೇಜಿಗೆ ಹತ್ತಿರ. ವೋಲ್ಟೇಜಿನ ಅಳತೆ ಮಾತ್ರ ನೋಡುವ ಯಾವ ಕಂಟ್ರೋಲರಿಗೂ ಇದು ಕಾಣುವುದಿಲ್ಲ.

ಮಾದರಿಯಲ್ಲಿ ಎರಡು ಸ್ವಿಚ್ ಇಡಿ. 0.5ನೇ ಸೆಕೆಂಡಿಗೆ ಮೊದಲನೆಯದು ಲೈನ್ ಫೇಸನ್ನು ತೆಗೆಯಲಿ, ಎರಡನೆಯದು 10 ಓಮ್ ಮೂಲಕ 292 ವೋಲ್ಟ್ ಪೀಕಿನ (325ರ ಶೇಕಡ 90), ಕೋನದಲ್ಲಿ 10 ಡಿಗ್ರಿ ಜಾರಿದ ಸೋರ್ಸನ್ನು ಸೇರಿಸಲಿ. ಪ್ರೈಮರಿಗೆ ಅಡ್ಡಲಾಗಿ 1 ಮೆಗಾಓಮ್ ಹಾಕದಿದ್ದರೆ ಸ್ವಿಚ್ ತೆರೆದ ಕ್ಷಣ ಮತ್ತೆ ಹಳೆಯ ಟೈಮ್‌ಸ್ಟೆಪ್ ತಕರಾರು. ಈ ಪರೀಕ್ಷೆಯಲ್ಲಿ ಫರ್ಮ್‌ವೇರ್ ಫೇಲಾಗುವುದೇ ಸರಿಯಾದ ಉತ್ತರ. ಪಾಸಾದರೆ ಟ್ರಿಪ್ ಗೆರೆ ಬೇಸಿಗೆಯ ಲೋ ವೋಲ್ಟೇಜಿಗೂ ಬೀಳುವಷ್ಟು ಬಿಗಿಯಾಗಿದೆ ಎಂದೇ ಅರ್ಥ.

ದಾರಿ ಎಂದರೆ ಕರೆಂಟು ಅಳೆಯುವುದು. ಕಿತ್ತ ಲೈನಿನಲ್ಲಿ ಕರೆಂಟು ಸೊನ್ನೆ, ಮೋಟರು ಏನೇ ಹುಟ್ಟಿಸಲಿ. ಎರಡು ಸಾಲು ಕಾಲಿನ (ಡಿಐಪಿ) ಎಟಿಮೆಗಾಕ್ಕೆ ಆರೇ ಎಡಿಸಿ ಚಾನೆಲ್: ಮೂರು ವೋಲ್ಟೇಜ್, ಮೂರು ಸಿಟಿ (ಕರೆಂಟು ಅಳೆಯುವ ಟ್ರಾನ್ಸ್‌ಫಾರ್ಮರ್), ಸರಿಹೋಯಿತು. ಆರು ಪರಿವರ್ತನೆ 400 ಮೈಕ್ರೊಸೆಕೆಂಡಿನಲ್ಲಿ ಹಿಡಿಯುವುದಿಲ್ಲ. 800 ಮಾಡಿ (ಟಾಪ್ 12799), ಸೈಕಲ್ಲಿಗೆ 25 ಸ್ಯಾಂಪಲ್. 5 ಎಚ್‌ಪಿ ಮೋಟರಿಗೆ ಸುಮಾರು 7.5 ಆಂಪ್; 1000ಕ್ಕೆ 1ರ ಸಿಟಿ, ಅದರ ಸೆಕೆಂಡರಿಗೆ ಅಡ್ಡಲಾಗಿ 100 ಓಮ್ ಬರ್ಡನ್ ರೆಸಿಸ್ಟರ್ ಎಂದರೆ ಪೀಕ್ 1.06 ವೋಲ್ಟ್. ಸ್ಟಾರ್ಟ್ ಆಗುವಾಗ ಆರು ಪಟ್ಟು ಕರೆಂಟು ಬಂದರೆ 6.4 ವೋಲ್ಟ್, ಎಡಿಸಿ ಮಿತಿ ದಾಟುತ್ತದೆ. ಪಿನ್ನಿನ ಮುಂದೆ 4.7 ಕಿಲೊಓಮ್ ಇಟ್ಟು, ಕೋಡಿನಲ್ಲಿ ಮೊದಲ ಕೆಲವು ಸೆಕೆಂಡ್ ಕರೆಂಟಿನ ತೀರ್ಪು ಕೊಡದಂತೆ ಮಾಡಿ. ವೋಲ್ಟೇಜಿನ ಪರೀಕ್ಷೆಯನ್ನು ಸ್ಟಾರ್ಟಿಗೆ ಮೊದಲು ಮಾತ್ರ ನಂಬಿ.

ಕೊನೆಯ ಓಟ ನ್ಯೂಟ್ರಲ್ ತಂತಿಯದ್ದು. ಮಾದರಿಯಲ್ಲಿ ನ್ಯೂಟ್ರಲನ್ನು ನೇರ ಗ್ರೌಂಡಿಗೆ ಕಟ್ಟದೆ ಒಂದು ಸ್ವಿಚ್ ಮೂಲಕ ಕಟ್ಟಿ, ಅದನ್ನೂ ಒಂದು ಸಲ ತೆಗೆದು ನೋಡಿ. ಮೋಟರು ನಿಂತಿದ್ದು, ನ್ಯೂಟ್ರಲ್ ಇಲ್ಲದೆ, ಒಂದು ಫೇಸೂ ಹೋದರೆ ಉಳಿದೆರಡು ಪ್ರೈಮರಿಗಳು 415 ವೋಲ್ಟನ್ನು ಸರಣಿಯಲ್ಲಿ ಹಂಚಿಕೊಂಡು ತಲಾ 207 ತೋರಿಸುತ್ತವೆ. ಅಳತೆಯಲ್ಲಿ ಎರಡೂ ಫೇಸ್ ಚೆನ್ನಾಗಿಯೇ ಕಾಣುತ್ತವೆ, ಕೋನ ಮಾತ್ರ 120ರ ಬದಲು 180 ಡಿಗ್ರಿ.